ಸೋಲಾರ್ ಪ್ಯಾನೆಲ್ ತಾರಸಿಗೆ ಏರಿಸುವ ಕೆಲಸಕ್ಕೂ ನಿಯಮ ಬೇಕು

ಮಾನ್ಯ ಸಂಪಾದಕರಿಗೆ,

ಮನೆಯ ತಾರಸಿಯ ಮೇಲೆ ಸೌರ ವಿದ್ಯುತ್ ಘಟಕ ಹಾಕಿಸಿಕೊಳ್ಳುವವರು ನಮ್ಮ ಊರುಗಳಲ್ಲಿ ಹೆಚ್ಚುತ್ತಿದ್ದಾರೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. 3 ಕಿಲೋವ್ಯಾಟ್‌ನ ಘಟಕಕ್ಕೆ ಅದು 78,000 ರೂಪಾಯಿ ಸಹಾಯಧನ ಕೊಡುತ್ತದೆ. ಸಹಾಯಧನದ ಲೆಕ್ಕ, ಬಿಲ್ಲಿನಲ್ಲಾಗುವ ಉಳಿತಾಯ, ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷದ ವಾರಂಟಿ, ಇನ್ವರ್ಟರಿನ ಕಂಪನಿ, ಇವೆಲ್ಲವನ್ನೂ ಪತ್ರಿಕೆಗಳೂ ಜಾಹೀರಾತುಗಳೂ ಸಾಕಷ್ಟು ವಿವರವಾಗಿ ತಿಳಿಸುತ್ತಿವೆ. ಆದರೆ ರಸ್ತೆಯಲ್ಲಿ ನಿಂತ ಟೆಂಪೋದಿಂದ ಎರಡನೇ ಮಹಡಿಯ ಮೇಲಿನ ತಾರಸಿಗೆ ಆ ಪ್ಯಾನೆಲ್‌ಗಳು ಹೇಗೆ ಹೋಗುತ್ತವೆ, ಯಾರು ಹೊತ್ತು ಹೋಗುತ್ತಾರೆ, ಹೋಗುವ ದಾರಿಯಲ್ಲಿ ಏನೇನಿದೆ ಎಂಬ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ, ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಭಾಗವೇ ಹೀಗೆ ಲೆಕ್ಕಕ್ಕೆ ಸಿಗದೆ ಉಳಿದಿರುವುದು ದೊಡ್ಡ ಲೋಪವೆಂದು ಕಾಣುತ್ತಿದೆ. ಅದನ್ನು ತಮ್ಮ ಪತ್ರಿಕೆಯ ಮೂಲಕ ಬೆಸ್ಕಾಂ ಮತ್ತಿತರ ವಿದ್ಯುತ್ ಕಂಪನಿಗಳ, ಕಾರ್ಮಿಕ ಇಲಾಖೆಯ ಹಾಗೂ ಮನೆ ಮಾಲೀಕರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಪ್ಯಾನೆಲ್ ಎಂದರೆ ಎಷ್ಟು ದೊಡ್ಡದೆಂದು ಹೇಳಬೇಕು. ಹತ್ತು ಹದಿನೈದು ವರ್ಷಗಳ ಹಿಂದೆ ಮನೆಗಳಿಗೆ ಬರುತ್ತಿದ್ದ 250 ವ್ಯಾಟ್‌ನ ಪ್ಯಾನೆಲ್ ಐದೂವರೆ ಅಡಿಗಿಂತ ಉದ್ದವಿರುತ್ತಿರಲಿಲ್ಲ; ತೂಕ ಹತ್ತೊಂಬತ್ತು ಕಿಲೋ ಆಸುಪಾಸು. ಗಟ್ಟಿಮುಟ್ಟಾದ ಒಬ್ಬ ಆಳು ಅದನ್ನು ಹೇಗೋ ಹೊತ್ತು ಮೆಟ್ಟಿಲು ಹತ್ತಿಬಿಡುತ್ತಿದ್ದ. ಈಗ ಬರುತ್ತಿರುವ 540, 550 ವ್ಯಾಟ್‌ನ ಪ್ಯಾನೆಲ್ 2.28 ಮೀಟರ್ ಉದ್ದ, 1.13 ಮೀಟರ್ ಅಗಲ, ಅಂದರೆ ಏಳೂವರೆ ಅಡಿಗೆ ಮೂರೂಮುಕ್ಕಾಲು ಅಡಿ. ತೂಕ 27ರಿಂದ 29 ಕಿಲೋ, ಎರಡೂ ಬದಿಗೆ ಗಾಜಿರುವ ಬಗೆಯದಾದರೆ 32 ಕಿಲೋ ದಾಟುತ್ತದೆ. ನಮ್ಮ ಮನೆಗಳ ಮೆಟ್ಟಿಲುಗಳ ಅಗಲವೋ ಬಹುಪಾಲು ಮೂರು ಅಡಿ. ಮೆಟ್ಟಿಲು ತಿರುಗುವ ಲ್ಯಾಂಡಿಂಗ್‌ನಲ್ಲಿ ತಲೆಯ ಮೇಲೆ ಸಿಗುವ ಎತ್ತರ ಏಳಡಿಯಿಂದ ಏಳೂಕಾಲು ಅಡಿ. ಏಳೂವರೆ ಅಡಿಯ ಪ್ಯಾನೆಲ್ಲನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ ತಿರುಗಿಸಲು ಆಗುವುದಿಲ್ಲ. ಓರೆಯಾಗಿಸಿ, ಗೋಡೆಗೂ ಕಂಬಿಗೂ ತಾಗದಂತೆ, ಮೇಲೊಬ್ಬ ಕೆಳಗೊಬ್ಬ ನಿಂತು ಮಾತಾಡಿಕೊಂಡು ತಿರುಗಿಸಬೇಕು. ಕೆಲವು ಮನೆಗಳಲ್ಲಿ ಅದೂ ಸಾಧ್ಯವಿಲ್ಲ. ಗಾರೆ ಕಿತ್ತೀತು, ಟೈಲ್ಸ್ ಒಡೆದೀತು ಎಂದು ಮನೆಯವರೇ ಒಳಗಿನಿಂದ ಬೇಡ ಎನ್ನುವುದೂ ಉಂಟು. ಆಗ ಎಲ್ಲರ ಕಣ್ಣೂ ಹಗ್ಗದ ಕಡೆಗೆ ಹೋಗುತ್ತದೆ.

ಹಗ್ಗ ಕಟ್ಟಿ ಎಳೆಯುವುದು ನಮ್ಮಲ್ಲಿ ಹಳೆಯ ರೂಢಿ. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ಹಾಗೆಯೇ ಎಳೆದಿದ್ದೇವೆ. ಸೋಲಾರ್ ಬಿಸಿನೀರಿನ ಟ್ಯಾಂಕು, ಅದರ ಗಾಜಿನ ಕಲೆಕ್ಟರ್, ಇಟ್ಟಿಗೆ, ಮರಳಿನ ಚೀಲ, ಬೀರು, ಮಂಚ, ಎಲ್ಲವೂ ಪ್ಯಾರಪೆಟ್ ಗೋಡೆಯ ಮೇಲಿಂದಲೇ ಹತ್ತಿವೆ. ಇಷ್ಟೆಲ್ಲ ಏರಿಸಿದವರಿಗೆ ಇದೇನು ಮಹಾ ಎಂಬ ಧೈರ್ಯ ಬರುವುದು ಸಹಜ. ನಮ್ಮ ದಾವಣಗೆರೆಯ ಮಾರುಕಟ್ಟೆಯಲ್ಲಿ ಕ್ವಿಂಟಲ್ ತೂಕದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹೋಗಬಲ್ಲ ಹಮಾಲರಿದ್ದಾರೆ; ತೂಕ ಹೊರುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಪ್ಯಾನೆಲ್ ಅಪಾಯಕಾರಿಯಾಗುವುದು ತೂಕದಿಂದಲ್ಲವಾದ್ದರಿಂದ ಆ ವಿದ್ಯೆ ಇಲ್ಲಿ ಸಾಲುವುದಿಲ್ಲ. ಅದು ಇಪ್ಪತ್ತೇಳು ಚದರಡಿಗಿಂತ ಹೆಚ್ಚು ಹರವಿರುವ, ಒಂದೂವರೆ ಅಂಗುಲ ದಪ್ಪವೂ ಇಲ್ಲದ ಹಲಗೆ. ಹಗ್ಗದಲ್ಲಿ ತೂಗುತ್ತಿರುವಾಗ ಅದರ ಮೇಲೆ ಅಧಿಕಾರ ನಡೆಸುವುದು ಗಾಳಿ.

ಇದನ್ನು ಅಂಕಿಯಲ್ಲೇ ಹೇಳಬಹುದು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡ ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ, ಸೆಕೆಂಡಿಗೆ ಹತ್ತು ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಈ ಪ್ಯಾನೆಲ್‌ಗೆ ಎದುರಾಗಿ ಬಡಿದರೆ ಅದರ ಮೇಲೆ ಬೀಳುವ ಬಲ ಹೆಚ್ಚುಕಡಿಮೆ 18ರಿಂದ 20 ಕಿಲೋ ತೂಕಕ್ಕೆ ಸಮ. ಪ್ಯಾನೆಲ್‌ನ ಸ್ವಂತ ತೂಕದ ಮೂರನೇ ಎರಡು ಭಾಗದಷ್ಟು ಬಲ ಅಡ್ಡಡ್ಡಲಾಗಿ, ಅದೂ ಯಾವ ಕ್ಷಣದಲ್ಲಿ ಎಂದು ಗೊತ್ತಾಗದ ಹಾಗೆ ಬಂದು ತಳ್ಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ನಮ್ಮ ಸೀಮೆಯಲ್ಲಿ ಇದು ಕಾಗದದ ಮೇಲಿನ ಲೆಕ್ಕವಾಗಿ ಉಳಿಯುವಂಥದ್ದಲ್ಲ. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಇದೆ ಎಂಬ ಕಾರಣಕ್ಕೇ. ಜೇಷ್ಠ ಕಳೆದು ಆಷಾಢ ಕಾಲಿಟ್ಟರೆ ಮಕ್ಕಳು ಗಾಳಿಪಟ ಹಾರಿಸುವ ಅದೇ ಗಾಳಿಯಲ್ಲಿ ದೊಡ್ಡವರು ತಾರಸಿಗೆ ಪ್ಯಾನೆಲ್ ಎಳೆಯುತ್ತಿರುತ್ತಾರೆ. ಬೀದಿಯಲ್ಲಿ ನಿಂತವರಿಗೆ ತಂಗಾಳಿ ಎನಿಸಿದ್ದು ಇಪ್ಪತ್ತೆರಡು ಅಡಿ ಮೇಲೆ, ಎರಡು ಮನೆಗಳ ನಡುವಿನ ಸಂದಿಯಲ್ಲಿ, ಬೇರೆಯೇ ಆಗಿರುತ್ತದೆ.

ಕಳೆದ ಆಷಾಢದಲ್ಲಿ ನಮ್ಮ ಬೀದಿಯ ಒಂದು ಎರಡಂತಸ್ತಿನ ಮನೆಗೆ ಪ್ಯಾನೆಲ್ ಏರಿಸುವುದನ್ನು ಹತ್ತಿರದಿಂದ ನೋಡಿದೆ. ಪ್ಯಾನೆಲ್‌ನ ಹಿಂಬದಿಯ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಬೋಲ್ಟ್ ಹಾಕಲೆಂದು ಕೊರೆದ ತೂತುಗಳಿರುತ್ತವೆ. ಅವುಗಳೊಳಗೆ ನೈಲಾನ್ ಹಗ್ಗ ತೂರಿಸಿ ಗಂಟು ಹಾಕಿದ್ದರು. ಆ ತೂತಿನ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಮೇಲಿನ ಇಬ್ಬರು ಎಳೆದಂತೆಲ್ಲ ಹಗ್ಗ ಪ್ಯಾರಪೆಟ್‌ನ ಗಾರೆಯ ಮೂಲೆಗೆ ಉಜ್ಜಿ ಸಿಮೆಂಟಿನ ಪುಡಿ ಉದುರುತ್ತಿತ್ತು. ಪ್ಯಾನೆಲ್ ಸಜ್ಜಾಕ್ಕೆ ತಾಗದಂತೆ ಕೈಯಿಂದ ದೂಡಲು ಮೂರನೆಯವನೊಬ್ಬ ಒಂದು ಕಾಲನ್ನು ಹೊರಗೆ ಇಳಿಬಿಟ್ಟು ಪ್ಯಾರಪೆಟ್‌ನ ಮೇಲೆ ಕುಳಿತಿದ್ದ. ಸೊಂಟಕ್ಕೆ ಏನೂ ಇರಲಿಲ್ಲ. ಕೆಳಗೆ, ಪ್ಯಾನೆಲ್ ತಿರುಗದಂತೆ ಹಿಡಿದುಕೊಳ್ಳಲು ಬಿಟ್ಟ ಇನ್ನೊಂದು ಹಗ್ಗದ ತುದಿಯನ್ನು ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಿದ್ದ, ಕಾಲಲ್ಲಿ ಹವಾಯಿ ಚಪ್ಪಲಿ. ಒಂದು ಬೀಸಿಗೆ ಪ್ಯಾನೆಲ್ ಗಿರಕ್ಕನೆ ತಿರುಗಿತು. ಹುಡುಗ ಹಗ್ಗದ ಜೊತೆಗೇ ಎರಡು ಹೆಜ್ಜೆ ರಸ್ತೆಗೆ ಎಳೆದುಕೊಂಡು ಹೋದ. ಪ್ಯಾನೆಲ್‌ನ ಮೂಲೆ ಸಜ್ಜಾಕ್ಕೆ ಬಡಿದು ಗಾಜು ಪೂರ್ತಿ ಹರಳುಹರಳಾಗಿ ಒಡೆಯಿತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಒಡೆದದ್ದನ್ನು ಕೆಳಗಿಳಿಸಿ ಪಕ್ಕಕ್ಕಿಟ್ಟು, ಮುಂದಿನದನ್ನು ಅದೇ ಹಗ್ಗಕ್ಕೆ ಅದೇ ರೀತಿ ಕಟ್ಟಿದರು. ಆ ನಾಲ್ವರಲ್ಲಿ ಯಾರ ಮೇಲೂ ನನಗೆ ದೂರಿಲ್ಲ. ಅವರಿಗೆ ಬೇರೆ ದಾರಿ ಯಾರೂ ಹೇಳಿಕೊಟ್ಟಿರಲಿಲ್ಲ, ಬೇರೆ ಸಲಕರಣೆ ಯಾರೂ ತಂದುಕೊಟ್ಟಿರಲಿಲ್ಲ.

ಹಗ್ಗ ಹರಿದಿದ್ದರೆ? ಏಳು ಮೀಟರ್ ಎತ್ತರದಿಂದ ಅಂಚು ಕೆಳಗಾಗಿ ಬಿದ್ದ ಪ್ಯಾನೆಲ್ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ಸಮೀಪಿಸಿರುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಅಗಲವಾದ ಹಲಗೆ ಇಟ್ಟಿಗೆಯ ಹಾಗೆ ನೇರವಾಗಿ ಬೀಳುವುದಿಲ್ಲ. ಗಾಳಿಯಲ್ಲಿ ಜಾರಿಕೊಂಡು ಗೋಡೆಯ ಬುಡದಿಂದ ಎಷ್ಟೋ ದೂರ ಹೋಗಿ ಬೀಳುತ್ತದೆ. ಹಾಗಾಗಿ ಎಳೆಯುವ ಜಾಗದ ನೇರ ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡರೆ ಸಾಲದು. ಇಪ್ಪತ್ತು, ಮೂವತ್ತಡಿಯ ರಸ್ತೆಗಳ ನಮ್ಮ ಬಡಾವಣೆಗಳಲ್ಲಿ ಎದುರು ಮನೆಯ ಗೇಟಿನವರೆಗೂ ಜಾಗ ಖಾಲಿ ಮಾಡಿಸಬೇಕಾಗುತ್ತದೆ. ಹಳೇ ದಾವಣಗೆರೆಯಂಥ ಕಡೆ ಓಣಿಯನ್ನೇ ಅಷ್ಟು ಹೊತ್ತು ನಿಲ್ಲಿಸಬೇಕು.

ಇನ್ನು ತಂತಿಯ ವಿಷಯ. ನನ್ನ ವೃತ್ತಿಯ ಕಾರಣದಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಪ್ಯಾನೆಲ್ ಬಿದ್ದರೆ ಒಬ್ಬಿಬ್ಬರಿಗೆ ಗಾಯವಾದೀತು, ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ ಕಬ್ಬಿಣ ತಾಗಿದರೆ ಅದನ್ನು ಹಿಡಿದವರು ಉಳಿಯುವುದು ಕಷ್ಟ. ಎಲ್ಲರೂ ಪ್ಯಾನೆಲ್ ಬಗ್ಗೆ ಯೋಚಿಸುತ್ತಾರೆ. ನಾನು ಹೆದರುವುದು ಅದರ ಸ್ಟ್ರಕ್ಚರ್‌ಗೆಂದು, ಅಂದರೆ ಪ್ಯಾನೆಲ್ ಕೂರಿಸುವ ಲೋಹದ ಚೌಕಟ್ಟಿಗೆಂದು, ಬರುವ ಜಿಐ ಪೈಪು, ಸಿ-ಚಾನೆಲ್ ಎಂಬ ಉದ್ದನೆಯ ಕಬ್ಬಿಣದ ಪಟ್ಟಿಗಳಿಗೆ. ಪೈಪು ಅಂಗಡಿಯಿಂದ ಬರುವುದು ಆರು ಮೀಟರ್, ಅಂದರೆ ಇಪ್ಪತ್ತಡಿ ಉದ್ದದಲ್ಲಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಕಟ್ಟಡಕ್ಕೂ ಈ ಹನ್ನೊಂದು ಸಾವಿರ ವೋಲ್ಟಿನ (11 ಕೆವಿ) ಲೈನಿಗೂ ಅಡ್ಡಡ್ಡಲಾಗಿ ಇರಬೇಕಾದ ಕನಿಷ್ಠ ಅಂತರ 1.2 ಮೀಟರ್, ಮೇಲಕ್ಕೆ 3.7 ಮೀಟರ್. ಈ ಅಂತರ ಸುಮ್ಮನೆ ನಿಂತಿರುವ ಗೋಡೆಗೆ ಸಾಕಾದೀತು. ತಾರಸಿಯ ಮೇಲೆ ನಿಂತು ಇಪ್ಪತ್ತಡಿ ಪೈಪನ್ನು ನೆಟ್ಟಗೆ ಮೇಲಕ್ಕೆಳೆದುಕೊಂಡು, ಅದನ್ನು ಮಲಗಿಸಲು ತಿರುಗುವ ಮನುಷ್ಯನಿಗೆ 1.2 ಮೀಟರ್ ಯಾವ ಮೂಲೆಗೂ ಬಾರದು. ಅವನ ಕಣ್ಣು ಕೈಯಲ್ಲಿರುವ ತುದಿಯ ಮೇಲಿರುತ್ತದೆ. ಲೈನಿಗೆ ತಾಗುವುದು ಹಿಂದಿನ ತುದಿ. ಪ್ಯಾನೆಲ್ ಚೌಕಟ್ಟು, ಅಲ್ಯೂಮಿನಿಯಂ ಏಣಿ, ಒದ್ದೆಯಾದ ಹಗ್ಗ, ಇವೂ ವಿದ್ಯುತ್ತನ್ನು ಸಾಗಿಸುತ್ತವೆ. ಇದಲ್ಲದೆ, ನಿವೇಶನದ ಅಂಚಿನವರೆಗೂ ಗೋಡೆ, ಅದರಾಚೆಗೆ ಸಜ್ಜಾ, ಬಾಲ್ಕನಿ ಚಾಚಿದ ಮನೆಗಳು ನಮ್ಮ ಯಾವ ಊರಿನಲ್ಲಿಲ್ಲ? ಅಲ್ಲಿ ನಿಯಮದ ಅಂತರವೇ ಉಳಿದಿರುವುದಿಲ್ಲ.

ಇಂಥ ಕಡೆ ಮಾಡಬೇಕಾದದ್ದು ಲೈನ್ ಕ್ಲಿಯರ್ ಪಡೆದು ಕೆಲಸ ಮಾಡುವುದು. ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಮೊದಲೇ ಬರೆದುಕೊಟ್ಟು, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಲೈನ್‌ಮನ್ ಬಂದು ಸರಬರಾಜು ನಿಲ್ಲಿಸಿ, ತಂತಿಯನ್ನು ಅರ್ಥ್ ಮಾಡಿದ ನಂತರ ಪೈಪುಗಳನ್ನು ಏರಿಸಬೇಕು. ಲೈನಿನ ಹತ್ತಿರ ಕಟ್ಟಡದ ಮೇಲೆ ಶಾಶ್ವತವಾಗಲಿ ತಾತ್ಕಾಲಿಕವಾಗಲಿ ಕೆಲಸ ಮಾಡಲು ಹೊರಟವರು ವಿದ್ಯುತ್ ಕಂಪನಿಗೆ ಲಿಖಿತವಾಗಿ ತಿಳಿಸಬೇಕೆಂದು ನಿಯಮದಲ್ಲೇ ಇದೆ. ಸೋಲಾರ್ ಕೆಲಸಕ್ಕೆ ಯಾರಾದರೂ ಹಾಗೆ ಅರ್ಜಿ ಕೊಟ್ಟದ್ದನ್ನು ನಾನಂತೂ ಕಾಣೆ. ಪೈಪನ್ನು ನೆಲದ ಮೇಲೇ ಬೇಕಾದ ಅಳತೆಗೆ ಕತ್ತರಿಸಿ ಮೆಟ್ಟಿಲ ಮೂಲಕ ಒಯ್ಯುವುದು ಇನ್ನೂ ಸುಲಭದ ಪರಿಹಾರ. ಹಾಗೆ ಮಾಡಿದರೆ ಅರ್ಧ ಅಪಾಯ ಅಲ್ಲಿಗೇ ಮುಗಿಯುತ್ತದೆ. ಆದರೆ ತಾರಸಿಯ ಮೇಲೆ ಅಳೆದು ಕತ್ತರಿಸಿದರೆ ಪೈಪು ವ್ಯರ್ಥವಾಗುವುದಿಲ್ಲ ಎಂಬ ಸಣ್ಣ ಉಳಿತಾಯಕ್ಕಾಗಿ ಇಡೀ ಪೈಪನ್ನೇ ಮೇಲೆಳೆಯುತ್ತಾರೆ.

ಇಲ್ಲಿ ಇನ್ನೊಂದು ಬೆಳವಣಿಗೆಯನ್ನು ಹೇಳಲೇಬೇಕು. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, 10 ಕಿಲೋವ್ಯಾಟ್‌ವರೆಗಿನ ತಾರಸಿ ಘಟಕಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಡವೆಂದು ಮಾಡಲಾಯಿತು. ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಕಚೇರಿಗೆ ಅಲೆಯುವುದು ತಪ್ಪಿತು. ಅದು ಒಳ್ಳೆಯದೇ, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಅದರ ಪರಿಣಾಮವಾಗಿ, ಕೆಲಸ ಶುರುವಾಗುವ ಮೊದಲು ವಿದ್ಯುತ್ ಕಂಪನಿಯ ಯಾವ ಸಿಬ್ಬಂದಿಯೂ ಆ ಮನೆಯ ಪಕ್ಕ ಹಾದ ಲೈನನ್ನು ನೋಡುವ ಸಂದರ್ಭವೇ ಬರುವುದಿಲ್ಲ. ಅವರು ಬರುವುದು ಎಲ್ಲ ಮುಗಿದ ಮೇಲೆ, ಮೀಟರ್ ಅಳವಡಿಸಲು. ಆಗ ಅವರು ಅರ್ಥಿಂಗ್ ನೋಡುತ್ತಾರೆ, ವೈರಿಂಗ್ ನೋಡುತ್ತಾರೆ, ಪ್ಯಾನೆಲ್‌ಗಳ ಸಂಖ್ಯೆ ತಾಳೆ ಮಾಡುತ್ತಾರೆ. ಪ್ಯಾನೆಲ್ ಮೇಲೆ ಹೋದದ್ದು ಹೇಗೆಂದು ಕೇಳುವ ಕಾಲಂ ಅವರ ಫಾರಂನಲ್ಲಿ ಇಲ್ಲ.

ತಾರಸಿ ತಲುಪಿದೊಡನೆ ಅಪಾಯ ಮುಗಿಯಿತೆಂದೂ ಅಲ್ಲ. ಬಟ್ಟೆ ಒಣಹಾಕಲು, ಸಂಡಿಗೆ ಹಪ್ಪಳ ಇಡಲು ಜಾಗ ಬೇಕೆಂದು ಈಗ ಅನೇಕರು ಪ್ಯಾನೆಲ್‌ಗಳನ್ನು ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್ ಮೇಲೆ ಹಾಕಿಸುತ್ತಾರೆ. ಅಂದರೆ ಪ್ಯಾನೆಲ್ಲನ್ನು ಎರಡು ಬಾರಿ ಎತ್ತಬೇಕು, ಬೀದಿಯಿಂದ ತಾರಸಿಗೆ ಒಮ್ಮೆ, ತಾರಸಿಯಿಂದ ಸ್ಟ್ರಕ್ಚರ್‌ಗೆ ಇನ್ನೊಮ್ಮೆ. ಎರಡನೆಯ ಸಲ ಎತ್ತುವವನು ಎರಡು ಅಂಗುಲದ ಪೈಪಿನ ಮೇಲೆ ಕಾಲಿಟ್ಟು ನಿಂತಿರುತ್ತಾನೆ. ಮೂರಡಿಯ ಪ್ಯಾರಪೆಟ್ ಅವನ ಪಾದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಜಾರಿದರೆ ತಾರಸಿಗೆ ಬೀಳಬಹುದು, ಅಂಚಿನಲ್ಲಿದ್ದರೆ ನೇರ ಬೀದಿಗೇ ಬೀಳಬಹುದು. ಮುಂದೆ ಇನ್ನೊಂದು ಮಹಡಿ ಕಟ್ಟೋಣವೆಂದು ಬಿಟ್ಟ ಕಂಬದ ಕಂಬಿಗಳು ಅನೇಕ ತಾರಸಿಗಳಲ್ಲಿ ಮೇಲ್ಮುಖವಾಗಿ ನಿಂತಿರುತ್ತವೆ. ಅವುಗಳ ಮೇಲೆ ಬಿದ್ದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಇಡೀ ಮೈಗೆ ಹಾಕುವ ಸುರಕ್ಷತಾ ಬೆಲ್ಟ್ ಇಲ್ಲಿ ಕಡ್ಡಾಯವಾಗಬೇಕು. ಬೆಲ್ಟ್ ಹಾಕಿದವರನ್ನು ನೋಡಿದಾಗಲೂ ಅದರ ಹಗ್ಗವನ್ನು ಎಲ್ಲಿಗೆ ಕಟ್ಟಿದ್ದಾರೆಂದು ನೋಡಬೇಕು. ಟ್ಯಾಂಕಿನ ಪಿವಿಸಿ ಪೈಪಿಗೆ, ಡಿಶ್ ಆಂಟೆನಾದ ಕಂಬಕ್ಕೆ, ನಿನ್ನೆ ಸಂಜೆ ಕಾಂಕ್ರೀಟ್ ಹಾಕಿದ, ಇನ್ನೂ ಕ್ಯೂರಿಂಗ್ ಆಗದ ಸ್ಟ್ರಕ್ಚರ್‌ನ ಕಾಲಿಗೆ ಕಟ್ಟಿದ ಬೆಲ್ಟ್ ಫೋಟೋಗೆ ಮಾತ್ರ ಬೆಲ್ಟ್. ಮತ್ತೊಂದು ಮಾತು: ಬೆಳಕು ಬಿದ್ದೊಡನೆ ಪ್ರತಿ ಪ್ಯಾನೆಲ್‌ನಲ್ಲೂ ಐವತ್ತು ವೋಲ್ಟ್ ಹತ್ತಿರ ಇರುತ್ತದೆ, ಆರನ್ನು ಸಾಲಾಗಿ ಸೇರಿಸಿದರೆ ಮುನ್ನೂರು. ಎತ್ತರದಲ್ಲಿ ನಿಂತವನಿಗೆ ಸಣ್ಣ ಶಾಕ್ ಕೂಡ ಕಾಲು ತಪ್ಪಿಸಲು ಸಾಕು. ಆದ್ದರಿಂದ ಎಲ್ಲ ಪ್ಯಾನೆಲ್‌ಗಳೂ ಬೋಲ್ಟ್ ಆಗಿ ಕೂರುವವರೆಗೆ ಕನೆಕ್ಟರ್ ಸೇರಿಸಬಾರದು, ಪ್ಯಾನೆಲ್ಲನ್ನು ಅದರ ಕೇಬಲ್ ಹಿಡಿದು ಎತ್ತಲೇಬಾರದು.

ಮಲೆನಾಡು, ಕರಾವಳಿಯ ಓದುಗರಿಗೆ ಸಮಸ್ಯೆ ಬೇರೆ ರೂಪದಲ್ಲಿದೆ. ಮಂಗಳೂರು ಹೆಂಚಿನ ಮಾಡು, ಮಳೆಗೆಂದು ತಾರಸಿಯ ಮೇಲೆ ಹಾಕಿಸಿದ ತಗಡಿನ ಮಾಡು, ಹಳೆಯ ಸಿಮೆಂಟ್ ಶೀಟು, ಇವುಗಳ ಮೇಲೆ ಪ್ಯಾನೆಲ್ ಹಿಡಿದು ನಡೆಯುವ ಇಬ್ಬರ ತೂಕ ಹಾಗೂ ಪ್ಯಾನೆಲ್‌ನ ತೂಕ ಒಟ್ಟಿಗೆ ಬೀಳುತ್ತದೆ. ಬಿಸಿಲು ಮಳೆಗೆ ಸವೆದ ಸಿಮೆಂಟ್ ಶೀಟು ನೋಡಲು ಗಟ್ಟಿಯಾಗಿದ್ದು, ಕಾಲಿಟ್ಟಾಗ ಮುನ್ಸೂಚನೆಯನ್ನೇ ಕೊಡದೆ ಮುರಿಯುತ್ತದೆ. ಅಂಥ ಮಾಡಿನ ಮೇಲೆ ಅಡಿಯ ಪಟ್ಟಿಗಳಿಗೆ ಅಡ್ಡಲಾಗಿ ಹಲಗೆ ಹಾಸದೆ ಯಾರನ್ನೂ ಹತ್ತಿಸಬಾರದು. ಮಳೆಗಾಲದಲ್ಲಿ ಪಾಚಿ ಕಟ್ಟಿದಾಗ ಹಲಗೆ ಹಾಸಿಯೂ ಹತ್ತಿಸಬಾರದು.

ಇಷ್ಟೆಲ್ಲ ಅಪಾಯವಿರುವ ಕೆಲಸಕ್ಕೆ ಕಾನೂನಿನ ರಕ್ಷಣೆ ಏಕಿಲ್ಲ ಎಂಬ ಪ್ರಶ್ನೆ ಬರುತ್ತದೆ. ಕಟ್ಟಡ ಹಾಗೂ ಇತರೆ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆ ರೂಪುಗೊಂಡದ್ದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ ಅನ್ವಯಿಸುವಂತೆ. ಒಬ್ಬ ವ್ಯಕ್ತಿ ತನ್ನ ಸ್ವಂತ ವಾಸದ ಮನೆಗೆ ಹತ್ತು ಲಕ್ಷ ರೂಪಾಯಿ ಮೀರದಂತೆ ಮಾಡಿಸುವ ಕಾಮಗಾರಿಯನ್ನು ಅದು ಹೊರಗಿಟ್ಟಿತ್ತು. ಅದರ ಜಾಗಕ್ಕೆಂದು ರೂಪಿಸಿದ 2020ರ ವೃತ್ತಿ ಸುರಕ್ಷತಾ ಸಂಹಿತೆಯೂ ಹತ್ತಕ್ಕಿಂತ ಕಡಿಮೆ ಜನರ ಕೆಲಸವನ್ನು ಹೊರಗೇ ಇಟ್ಟಿದೆ, ಸ್ವಂತ ಮನೆಯ ಕಾಮಗಾರಿಯ ಮಿತಿಯನ್ನು ಐವತ್ತು ಲಕ್ಷಕ್ಕೆ ಏರಿಸಿದೆ. 3 ಕಿಲೋವ್ಯಾಟ್ ಘಟಕದ ವೆಚ್ಚ ಎರಡು ಲಕ್ಷ ರೂಪಾಯಿ ಆಸುಪಾಸು, ಬರುವ ಆಳುಗಳು ನಾಲ್ಕೋ ಐದೋ. ಅಂದಮೇಲೆ ಮನೆಯ ತಾರಸಿಯ ಸೋಲಾರ್ ಕೆಲಸ ಎರಡೂ ಜರಡಿಯಿಂದ ಕೆಳಗೆ ಸೋರಿಹೋಗುತ್ತದೆ. ಬಿದ್ದ ಕೆಲಸಗಾರನ ಮನೆಯವರು ಪರಿಹಾರಕ್ಕಾಗಿ ಗುತ್ತಿಗೆದಾರನ ಬಾಗಿಲು ತಟ್ಟಿದಾಗ ಅವನು ನಮ್ಮ ಆಳೇ ಅಲ್ಲ, ದಿನಗೂಲಿಗೆ ಕರೆದವನು ಎಂದುಬಿಡುವ ಸಾಧ್ಯತೆಯೇ ಹೆಚ್ಚು. ಸರ್ಕಾರದ ಹಣ ಹರಿಯುತ್ತಿರುವ ಯೋಜನೆಯೊಂದರಲ್ಲಿ ಹೀಗಾಗಲು ಬಿಡುವುದು ಸರಿಯಲ್ಲ.

ಖರ್ಚು ಹೆಚ್ಚಾಗುತ್ತದೆ ಎಂಬ ಆಕ್ಷೇಪ ಕೇಳಿಬರುತ್ತದೆ. 3 ಕಿಲೋವ್ಯಾಟ್ ಎಂದರೆ ಎಷ್ಟು ಪ್ಯಾನೆಲ್? ಆರು. ಆರೇ ಆರು ಪ್ಯಾನೆಲ್, ಒಂದಷ್ಟು ಪೈಪು. ಅವನ್ನು ಅವಸರವಿಲ್ಲದೆ ಏರಿಸಿದರೆ ಹೆಚ್ಚೆಂದರೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ಆದರೆ ಇಂದಿನ ಕೊಟೇಶನ್‌ಗಳಲ್ಲಿ ಪ್ಯಾನೆಲ್‌ಗೆ ಇಷ್ಟು, ಇನ್ವರ್ಟರ್‌ಗೆ ಇಷ್ಟು, ಸ್ಟ್ರಕ್ಚರ್‌ಗೆ ಇಷ್ಟು ಎಂದಿರುತ್ತದೆಯೇ ಹೊರತು ಏರಿಸುವ ಕೆಲಸಕ್ಕೆ ಒಂದು ಸಾಲೂ ಇರುವುದಿಲ್ಲ. ಸಾಲು ಇಲ್ಲದ ಕೆಲಸಕ್ಕೆ ದುಡ್ಡಿಲ್ಲ. ದುಡ್ಡಿಲ್ಲದ ಕೆಲಸ ಆದಷ್ಟು ಬೇಗ, ಆದಷ್ಟು ಅಗ್ಗದಲ್ಲಿ ಮುಗಿಯಬೇಕು. ಒಬ್ಬ ಗುತ್ತಿಗೆದಾರ ಸರಿಯಾಗಿ ಮಾಡಲು ಹೊರಟರೆ ಅವನ ದರ ಪಕ್ಕದವನಿಗಿಂತ ಐದಾರು ಸಾವಿರ ಹೆಚ್ಚಾಗಿ ಅವನಿಗೆ ಕೆಲಸವೇ ಸಿಗುವುದಿಲ್ಲ. ಹಾಗಾಗಿ ಇದನ್ನು ಗುತ್ತಿಗೆದಾರರ ಒಳ್ಳೆಯತನಕ್ಕೆ ಬಿಟ್ಟರೆ ಆಗುವುದಿಲ್ಲ, ಎಲ್ಲರಿಗೂ ಒಂದೇ ನಿಯಮವಿರಬೇಕು. ಪೆಟ್ಟು ತಿಂದ ಪ್ಯಾನೆಲ್‌ನಿಂದ ಮಾಲೀಕರಿಗೂ ನಷ್ಟವಿದೆ. ಗಾಜು ಒಡೆಯದಿದ್ದರೂ ಒಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು ವರ್ಷಗಳು ಕಳೆದಂತೆ ಉತ್ಪಾದನೆ ಇಳಿಯುತ್ತದೆ. ಸಾಗಿಸುವಾಗ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಸರಿಯಾದ ವಿಧಾನ ಯಾವುದೆಂದರೆ, ಮೆಟ್ಟಿಲಿನಿಂದ ಹೋಗುವಂತಿದ್ದರೆ ಮೆಟ್ಟಿಲೇ ಉತ್ತಮ. ಇಬ್ಬರು, ಕೈಗವಸು ಮತ್ತು ಶೂ ಹಾಕಿಕೊಂಡು, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಸಲಕ್ಕೆ ಒಂದೇ ಪ್ಯಾನೆಲ್ ಒಯ್ಯಬೇಕು. ತಲೆಯ ಮೇಲೆ ಹೊರಬಾರದು. ಮೆಟ್ಟಿಲಿನ ತಿರುವು ಇಕ್ಕಟ್ಟಾದರೆ ಪ್ಯಾನೆಲ್‌ನ ಅಳತೆಯನ್ನೇ ಬದಲಿಸುವ ದಾರಿಯೂ ಇದೆ. 400 ವ್ಯಾಟ್‌ನ ಪ್ಯಾನೆಲ್ 1.72 ಮೀಟರ್ ಉದ್ದ, ಇಪ್ಪತ್ತೊಂದು ಇಪ್ಪತ್ತೆರಡು ಕಿಲೋ ತೂಕದ್ದು; ಆರರ ಬದಲು ಎಂಟು ಬೇಕಾಗುತ್ತದೆ, ಆದರೆ ಎಂಟೂ ಮೆಟ್ಟಿಲಿನಲ್ಲಿ ಹೋಗುತ್ತವೆ. ಟೇಪು ಹಿಡಿದು ಮೆಟ್ಟಿಲು ಅಳೆದು ಪ್ಯಾನೆಲ್ ಆರಿಸುವ ಗುತ್ತಿಗೆದಾರನನ್ನು ನಾನು ಎರಡು ಸಾವಿರ ಹೆಚ್ಚು ಕೊಟ್ಟಾದರೂ ಕರೆಯುತ್ತೇನೆ. ಹೊರಗಿನಿಂದಲೇ ಏರಿಸಬೇಕಾದರೆ ಜರ್ಮನಿ, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಏಣಿಯಂತೆ ಗೋಡೆಗೆ ಓರೆಯಾಗಿ ನಿಲ್ಲಿಸಿದ ಹಳಿಗಳ ಮೇಲೆ ಮೋಟಾರಿನ ತೊಟ್ಟಿಲು ಹತ್ತುವ ಲಿಫ್ಟ್ ಬಳಸುತ್ತಾರೆ. ಮನೆ ಸಾಮಾನು ಸಾಗಿಸುವವರೂ ಪ್ಯಾನೆಲ್ ಹಾಕುವವರೂ ಅದನ್ನೇ ಬಾಡಿಗೆಗೆ ತರುತ್ತಾರೆ. ಪ್ಯಾನೆಲ್ ಹಳಿಯ ಮೇಲೆ ಒರಗಿಕೊಂಡೇ ಹೋಗುವುದರಿಂದ ಗಾಳಿಗೆ ತಿರುಗುವುದಿಲ್ಲ, ಯಾರೂ ಅಂಚಿಗೆ ಬಗ್ಗಬೇಕಿಲ್ಲ. ಅಷ್ಟು ದೂರ ಹೋಗಬೇಕಿಲ್ಲವೆಂದರೆ, ನಮ್ಮ ಗಾರೆ ಕೆಲಸದವರು ತಾರಸಿಯ ಮೇಲಿಟ್ಟು ಇಟ್ಟಿಗೆ ಏರಿಸುವ ಸಣ್ಣ ಮೋಟಾರ್ ಲಿಫ್ಟ್ ಪ್ರತಿ ತಾಲ್ಲೂಕಿನಲ್ಲೂ ಬಾಡಿಗೆಗೆ ಸಿಗುತ್ತದೆ. ಅದಕ್ಕೆ ಪ್ಯಾನೆಲ್ ಅಳತೆಯ ಚೌಕಟ್ಟೊಂದನ್ನು ವೆಲ್ಡ್ ಮಾಡಿಸಿ, ಪ್ಯಾನೆಲ್ಲನ್ನು ಅದರೊಳಗೆ ಪಟ್ಟಿಯಿಂದ ಬಿಗಿದು, ಲಿಫ್ಟಿನ ಬುಡಕ್ಕೆ ಸಾಕಷ್ಟು ಭಾರ ಹೇರಿ, ಚೌಕಟ್ಟಿನ ಎರಡು ಮೂಲೆಗಳಿಗೆ ಕೆಳಗಿನಿಂದ ಎರಡು ನಿಯಂತ್ರಣದ ಹಗ್ಗ ಕಟ್ಟಿ ಏರಿಸಬಹುದು. ಈ ಹಗ್ಗಗಳನ್ನು ಕೈಯಲ್ಲಿ ಹಿಡಿಯಬೇಕೇ ಹೊರತು ಸುತ್ತಿಕೊಳ್ಳಬಾರದು. ಬೆಳಗ್ಗೆ ಗಾಳಿ ಏಳುವ ಮೊದಲೇ ಏರಿಸುವ ಕೆಲಸ ಮುಗಿಸಿ, ಬೋಲ್ಟ್ ಹಾಕುವುದನ್ನು ಹಗಲಿಗೆ ಇಟ್ಟುಕೊಳ್ಳಬೇಕು. ಪ್ಯಾನೆಲ್ ಹಿಡಿದ ಇಬ್ಬರಿಗೆ ಗಾಳಿ ಎಳೆದಾಡಿದ ಅನುಭವವಾದರೆ ಆ ದಿನ ನಿಲ್ಲಿಸಬೇಕು.

ನನ್ನ ಕೋರಿಕೆಗಳು ದೊಡ್ಡವಲ್ಲ. ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮನೆ ಮಾಲೀಕರಿಗೂ ಗುತ್ತಿಗೆದಾರರಿಗೂ ಮಾದರಿ ಒಪ್ಪಂದವೊಂದಿದೆ. ಐದು ವರ್ಷದ ನಿರ್ವಹಣೆಯ ಹೊಣೆ ಅದರಲ್ಲಿ ಸೇರಿದೆ. ಅದಕ್ಕೆ ಇನ್ನೊಂದು ಪುಟ ಸೇರಿಸಲಿ. ಯಾವ ದಾರಿಯಲ್ಲಿ ಏರಿಸುತ್ತೇವೆ, ಹತ್ತಿರದ ಲೈನ್ ಎಷ್ಟು ದೂರದಲ್ಲಿದೆ, ಬೆಲ್ಟಿನ ಹಗ್ಗವನ್ನು ಎಲ್ಲಿಗೆ ಕಟ್ಟುತ್ತೇವೆ, ಬರುವ ಕೆಲಸಗಾರರಿಗೆ ಯಾವ ವಿಮೆ ಇದೆ ಎಂದು ಗುತ್ತಿಗೆದಾರ ಅದರಲ್ಲಿ ಬರೆದು ಸಹಿ ಹಾಕಲಿ. ಘಟಕ ಮುಗಿದ ಮೇಲೆ ಪ್ಯಾನೆಲ್‌ಗಳ ಫೋಟೋ ಹಾಕಬೇಕೆಂಬ ವ್ಯವಸ್ಥೆ ಈಗಲೇ ಇರುವುದರಿಂದ, ಕೆಲಸ ಶುರುವಾಗುವ ಮೊದಲು ತಾರಸಿಯ ನಾಲ್ಕೂ ದಿಕ್ಕಿನ ಫೋಟೋ ಹಾಕಿಸುವುದು ಕಷ್ಟವಲ್ಲ. ಅದರಲ್ಲಿ ಲೈನ್ ಕಂಡರೆ ಶಾಖಾಧಿಕಾರಿ ಬಂದು ನೋಡಿ ಲೈನ್ ಕ್ಲಿಯರ್ ಬೇಕೋ ಬೇಡವೋ ತೀರ್ಮಾನಿಸಲಿ, ಅದಕ್ಕೆ ಶುಲ್ಕ ವಸೂಲು ಮಾಡದಿರಲಿ. ಸೋಲಾರ್ ಅಳವಡಿಸುವವರಿಗೆಂದು ಸರ್ಕಾರ ಕೊಡಿಸುವ ಸೂರ್ಯಮಿತ್ರ ತರಬೇತಿ ಪಡೆದವರಾದರೂ ಒಬ್ಬರು ಪ್ರತಿ ತಂಡದಲ್ಲಿರಬೇಕು, ಮತ್ತು ಆ ತರಬೇತಿಯಲ್ಲಿ ವೈರಿಂಗ್‌ಗೆ ಕೊಡುವಷ್ಟೇ ಗಮನವನ್ನು ಏರಿಸುವ ಕೆಲಸಕ್ಕೂ ಕೊಡಬೇಕು, ತರಗತಿಯಲ್ಲಿ ಚಿತ್ರ ತೋರಿಸದೆ ನಿಜವಾದ ಎರಡಂತಸ್ತಿನ ಕಟ್ಟಡದ ಮೇಲೆ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಈ ಕೆಲಸಗಾರರನ್ನೂ ಹುಡುಕಿ ನೋಂದಾಯಿಸಿಕೊಂಡರೆ ಅವರಿಗೆ ಒಂದು ಆಧಾರವಾದರೂ ಇರುತ್ತದೆ. ಗುಜರಾತ್, ಮಹಾರಾಷ್ಟ್ರಗಳಷ್ಟು ವೇಗವಾಗಿ ನಮ್ಮಲ್ಲಿ ತಾರಸಿ ಘಟಕಗಳು ಇನ್ನೂ ಏರಿಲ್ಲ. 200 ಯೂನಿಟ್‌ವರೆಗೆ ಉಚಿತ ಕೊಡುವ ಗೃಹಜ್ಯೋತಿ ಇರುವುದೂ ಅದಕ್ಕೊಂದು ಕಾರಣವೆಂದು ನನ್ನ ಅಂದಾಜು. ಲಕ್ಷಾಂತರ ಮನೆಗಳ ಕೆಲಸ ಒಮ್ಮೆಲೇ ಶುರುವಾಗುವ ಮೊದಲು ಇದನ್ನು ಸರಿಪಡಿಸಲು ನಮ್ಮ ರಾಜ್ಯಕ್ಕೆ ಇನ್ನೂ ಕಾಲಾವಕಾಶವಿದೆ.

ಮನೆ ಮಾಲೀಕರು ಇವೆಲ್ಲ ಜಾರಿಗೆ ಬರುವವರೆಗೆ ಕಾಯಬೇಕಿಲ್ಲ. ಮುಂಗಡ ಕೊಡುವ ಮೊದಲೇ, ಪ್ಯಾನೆಲ್ ಮೇಲೆ ಹೋಗುವುದು ಹೇಗೆಂದು ಕೇಳಿ, ಉತ್ತರವನ್ನು ಕೊಟೇಶನ್‌ನಲ್ಲಿ ಬರೆಸಿಕೊಳ್ಳಬಹುದು. ಕೆಲಸಗಾರರ ವಿಮೆಯ ಪ್ರತಿ ಕೇಳಬಹುದು. ತಾರಸಿಯ ಹತ್ತಿರ ಲೈನ್ ಇದ್ದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದು, ಶಾಖಾ ಕಚೇರಿಗೆ ಒಂದು ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬಹುದು. ಏರಿಸುವ ದಿನ ಮನೆಯಲ್ಲೇ ಇದ್ದು, ಮಕ್ಕಳನ್ನೂ ವಾಹನಗಳನ್ನೂ ಆ ಬದಿಯಿಂದ ದೂರವಿರಿಸಿ, ಅಕ್ಕಪಕ್ಕದವರಿಗೆ ಹಿಂದಿನ ದಿನವೇ ತಿಳಿಸಬಹುದು. ಬೆಲ್ಟ್ ಇಲ್ಲದೆ ಅಂಚಿಗೆ ಯಾರಾದರೂ ಹೋದರೆ ಇಳಿಯಿರಿ ಎನ್ನುವ ಹಕ್ಕು ಮನೆಯ ಯಜಮಾನರಿಗೆ ಇದ್ದೇ ಇದೆ. ಗುತ್ತಿಗೆದಾರ ಅವಸರ ಮಾಡಿದರೂ ಆ ಹಕ್ಕನ್ನು ಬಿಟ್ಟುಕೊಡಬೇಡಿರೆಂದು ಓದುಗರಲ್ಲಿ ವಿನಂತಿಸುತ್ತೇನೆ. ಮುಂದಿನ ಆಷಾಢಕ್ಕೆ ಮೊದಲು ಬೆಸ್ಕಾಂ ಕನಿಷ್ಠ ಒಂದು ಸುತ್ತೋಲೆಯನ್ನಾದರೂ ತನ್ನಲ್ಲಿ ನೋಂದಾಯಿತರಾದ ಎಲ್ಲ ಗುತ್ತಿಗೆದಾರರಿಗೆ ಕಳುಹಿಸಿ, ಅದರ ಕನ್ನಡ ಪ್ರತಿಯನ್ನು ಪ್ರತಿ ಉಪವಿಭಾಗ ಕಚೇರಿಯ ಫಲಕದಲ್ಲಿ ಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಎಂಜಿನಿಯರ್
ದಾವಣಗೆರೆ